ಮಂಡಿಗೆ ಸ್ಟೆಮ್ ಸೆಲ್ ಇಂಜೆಕ್ಷನ್: ಒಪ್ಪಿಕೊಳ್ಳುವ ಮುಂಚೆ ಏನು ಕೇಳಬೇಕು, ಏನು ಮಾಡಬೇಕು

ವರ್ಷಗಟ್ಟಲೆ ಮಂಡಿ ನೋವು ತಿಂದವರಿಗೆ "ನಿಮ್ಮ ಮೂಳೆಯ ಮಜ್ಜೆಯನ್ನೇ ತೆಗೆದು ಮಂಡಿಗೆ ಹಾಕ್ತೀವಿ, ಆಪರೇಷನ್ ಬೇಡ" ಅಂದರೆ ಯಾರಿಗೆ ತಾನೇ ಆಸೆ ಆಗುವುದಿಲ್ಲ? ನಮ್ಮ ಅಮ್ಮನಿಗೂ ಆಗಿತ್ತು. ಮೂರು ತಿಂಗಳಲ್ಲಿ ಹೊಸ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಗಳ ತುದಿಗಿರುವ ನುಣುಪಾದ ಪದರ, ಸವೆಯುವುದು ಇದೇ) ಬೆಳೆಯುತ್ತದೆ ಅಂತ ಅವರಿಗೆ ಹೇಳಿದ್ದರಂತೆ. ಆ ಮಾತು ಕೇಳಿದ ಮೇಲೆಯೇ ನಾನು ಇದರ ಬಗ್ಗೆ ಓದಲು ಕೂತೆ.

ಮೊದಲು ಅಲ್ಲಿ ನಡೆಯುವುದು ಏನು ಅಂತ ತಿಳಿದುಕೊಳ್ಳಿ. ಸೊಂಟದ ಹಿಂಭಾಗದ ಮೂಳೆಯ ಹತ್ತಿರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿ ಇಳಿಸಿ ಮಜ್ಜೆ ಎಳೆಯುತ್ತಾರೆ. ಸಾಮಾನ್ಯವಾಗಿ 60 ಮಿ.ಲೀ. ಆಸುಪಾಸು. ಎಳೆಯುವ ಹೊತ್ತಿನಲ್ಲಿ ಮೂಳೆಯ ಒಳಗೆ ಒಂದು ಥರಾ ಸೆಳೆತ, ಒತ್ತಡ ಗೊತ್ತಾಗುತ್ತದೆ. ಆಮೇಲೆ ಅದನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಜೀವಕೋಶಗಳು ಗಟ್ಟಿಯಾಗಿ ಸೇರಿರುವ ಪದರದ ಕೆಲವೇ ಮಿ.ಲೀ. ತೆಗೆದು, ಅದೇ ದಿನ ಕೀಲಿನೊಳಗೆ ಹಾಕುತ್ತಾರೆ.

ಈಗ ಹೆಸರಿನ ವಿಷಯ. ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ. ಮಜ್ಜೆಯಲ್ಲಿ ಇವರು ಹೇಳುವ ಸ್ಟೆಮ್ ಸೆಲ್ ಇರುವುದು ತುಂಬಾ ಕಡಿಮೆ, ಲಕ್ಷ ಜೀವಕೋಶಕ್ಕೆ ಹೆಚ್ಚೆಂದರೆ ಹತ್ತು. ಉಳಿದದ್ದು ಬೇರೆ ರಕ್ತಕಣಗಳು, ಪ್ಲೇಟ್‌ಲೆಟ್‌ಗಳು, ಊತ ತಗ್ಗಿಸುವ ಕೆಲವು ಪ್ರೋಟೀನ್‌ಗಳು. 1991ರಲ್ಲಿ ಈ ಕೋಶಗಳಿಗೆ 'ಮೆಸೆಂಕೈಮಲ್ ಸ್ಟೆಮ್ ಸೆಲ್' ಅಂತ ಹೆಸರಿಟ್ಟ ವಿಜ್ಞಾನಿ ಅರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಆ ಹೆಸರು ಬದಲಾಯಿಸಬೇಕು ಅಂತ ಬರೆದರು. ಇವು ಹೊಸ ಅಂಗಾಂಶವಾಗಿ ಬೆಳೆಯುವುದಿಲ್ಲ, ಸುತ್ತಲಿನ ಕೋಶಗಳಿಗೆ ಸಂಕೇತ ಕಳಿಸುತ್ತವೆ ಅಷ್ಟೇ ಅನ್ನುವುದು ಅವರ ವಾದ. ಅಂದರೆ ಸವೆದ ಜಾಗಕ್ಕೆ ಹೊಸ ಪದರ ಹಚ್ಚುವ ಕೆಲಸ ಇದಲ್ಲ.

ನೋವು ಕಡಿಮೆ ಆಗುತ್ತದಾ? ಕೆಲವರಿಗೆ ಆಗುತ್ತದೆ. ಆದರೆ ಅದು ಮಜ್ಜೆಯಿಂದಲೇ ಆಯಿತಾ ಅನ್ನುವುದೇ ಪ್ರಶ್ನೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡೂ ಮಂಡಿ ನೋಯುತ್ತಿದ್ದ 25 ಜನರಿಗೆ ಒಂದು ಮಂಡಿಗೆ ಮಜ್ಜೆ, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಸಲೈನ್ ಹಾಕಿದರು. ಎರಡೂ ಮಂಡಿಗಳ ನೋವು ಹೆಚ್ಚುಕಮ್ಮಿ ಒಂದೇ ಥರ ಇಳಿಯಿತು. 2023ರಲ್ಲಿ ಬಂದದ್ದು ದೊಡ್ಡ ಅಧ್ಯಯನ, 475 ಜನ. ಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿ, ಈ ಮೂರರಿಂದ ತೆಗೆದ ಜೀವಕೋಶಗಳನ್ನು ಮಾಮೂಲಿ ಸ್ಟಿರಾಯ್ಡ್ ಇಂಜೆಕ್ಷನ್ ಜೊತೆ ಹೋಲಿಸಿದರು. ವರ್ಷವಾದ ಮೇಲೆ ನೋಡಿದರೆ ಯಾವುದೂ ಸ್ಟಿರಾಯ್ಡ್‌ಗಿಂತ ಮೇಲು ಅನ್ನಿಸಲಿಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಸರ ಆಯಿತು, ಅಮ್ಮನಿಗೆ ಹೇಗೆ ಹೇಳಲಿ ಅಂತ.

ಅದಕ್ಕೇ ಹೇಳುತ್ತೇನೆ, ಮೊದಲ ಭೇಟಿಯಲ್ಲೇ ಹಣ ಕಟ್ಟಬೇಡಿ. ನಿಂತುಕೊಂಡು ತೆಗೆಸಿದ ಮಂಡಿ ಎಕ್ಸ್‌ರೇ ಇಟ್ಟುಕೊಂಡು, ಈ ಇಂಜೆಕ್ಷನ್ ಕೊಡದ ಒಬ್ಬ ಮೂಳೆ ಡಾಕ್ಟರನ್ನೂ ಕಂಡು ಬನ್ನಿ. ಸವೆತ ಯಾವ ಹಂತದಲ್ಲಿದೆ ಅಂತ ಕೇಳಿ. ಹಂತಗಳನ್ನು 1ರಿಂದ 4 ಅಂತ ಹೇಳುತ್ತಾರೆ. ನಾಲ್ಕನೇ ಹಂತದಲ್ಲಿ ಮೂಳೆಗಳ ಮಧ್ಯದ ಸಂದು ಹೆಚ್ಚುಕಮ್ಮಿ ಮುಚ್ಚಿಹೋಗಿರುತ್ತದೆ, ಅಲ್ಲಿ ಇಂಜೆಕ್ಷನ್‌ನಿಂದ ಜಾಸ್ತಿ ಬಯಸುವುದು ತಪ್ಪು. ರುಮಟಾಯ್ಡ್ (ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ಸಂಧಿವಾತ) ಇದ್ದರೆ ಅದರ ಔಷಧಿಯೇ ಬೇರೆ. ತೊಡೆಯ ಮುಂಭಾಗದ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಮೂರು ತಿಂಗಳು ಬಿಡದೆ ಮಾಡಿದ್ದೀರಾ? ಮಾಡಿಲ್ಲ ಅಂದರೆ ಅದನ್ನು ಮೊದಲು ಮಾಡಿ. ತೂಕ ಜಾಸ್ತಿ ಇದ್ದವರು ಒಂದು ಕೆ.ಜಿ. ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ತಗ್ಗುತ್ತದೆ.

ಇಷ್ಟಾದ ಮೇಲೂ ಮಾಡಿಸಿಕೊಳ್ಳುತ್ತೀರಿ ಅಂದರೆ ಅದು ನಿಮ್ಮ ನಿರ್ಧಾರ, ಆದರೆ ಈ ಪ್ರಶ್ನೆಗಳಿಗೆ ಉತ್ತರ ಸಿಗದೆ ಮೇಜಿನ ಮೇಲೆ ಮಲಗಬೇಡಿ. ಜೀವಕೋಶ ನನ್ನದೇನಾ, ಅಥವಾ ಬಾಟಲಿಯಲ್ಲಿ ಬರುವ ಬೇರೆಯವರದ್ದಾ? ಮಜ್ಜೆಯನ್ನು ಒಂದೇ ಜಾಗದಿಂದ ಒಮ್ಮೆಲೇ ಎಳೆಯುತ್ತೀರಾ, ಅಥವಾ ಸೂಜಿ ಸರಿಸುತ್ತಾ ಸ್ವಲ್ಪ ಸ್ವಲ್ಪವಾಗಿಯಾ? ಇದು ಸಣ್ಣ ವಿಷಯ ಅಲ್ಲ, ಒಂದೇ ಕಡೆ ಜಾಸ್ತಿ ಎಳೆದರೆ ಬರುವುದು ಬರೀ ರಕ್ತ. ಕೀಲಿಗೆ ಹಾಕುವಾಗ ಅಲ್ಟ್ರಾಸೌಂಡ್‌ನಲ್ಲೋ ಎಕ್ಸ್‌ರೇಯಲ್ಲೋ ನೋಡಿಕೊಂಡು ಹಾಕುತ್ತೀರಾ? ಇದು ಸಂಶೋಧನೆಯ ಭಾಗ ಅಂದರೆ ನೈತಿಕ ಸಮಿತಿಯ ಅನುಮತಿ ಪತ್ರ ತೋರಿಸುತ್ತೀರಾ? ಗುಣವಾಗುವುದು ಗ್ಯಾರಂಟಿ ಅಂದವರ ಹತ್ತಿರ ಸುಮ್ನೆ ಎದ್ದು ಬನ್ನಿ.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮುಂಚೆಯೇ ಹೇಳಿ, ಆದರೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಅದನ್ನು ಬರೆದುಕೊಟ್ಟ ಡಾಕ್ಟರೇ ತೀರ್ಮಾನಿಸಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳನ್ನು ಕೆಲವು ದಿನ ಬಿಡಲು ಹೇಳುತ್ತಾರೆ, ಎಷ್ಟು ದಿನ ಅಂತ ಬರೆಸಿಕೊಳ್ಳಿ. ಮನೆಗೆ ಕರೆದುಕೊಂಡು ಹೋಗಲು ಜೊತೆಗೊಬ್ಬರು ಇರಲಿ.

ಆಮೇಲೆ ಕೆಲವು ದಿನ ಮಂಡಿಯೂ ಸೊಂಟವೂ ನೋಯುತ್ತವೆ, ಬಿಗಿಯುತ್ತವೆ. ಅದಕ್ಕೆ ಹೆದರಬೇಡಿ. ಫಿಸಿಯೋಥೆರಪಿ ಯಾವಾಗ ಶುರು ಮಾಡಬೇಕು ಅಂತ ಕೇಳಿಕೊಂಡು ಅದನ್ನು ಮಾತ್ರ ತಪ್ಪಿಸಬೇಡಿ. ಆದರೆ ಜ್ವರ ಬಂದರೆ, ಕೀಲು ಕೆಂಪಾಗಿ ಬಿಸಿಯಾಗಿ ಊದಿದರೆ, ಸೂಜಿ ಚುಚ್ಚಿದ ಜಾಗದಲ್ಲಿ ರಕ್ತವೋ ಕೀವೋ ಸುರಿದರೆ, ಮೀನಖಂಡ ಊದಿ ನೋಯಲು ಶುರುವಾದರೆ ನಾಳೆ ನೋಡೋಣ ಅನ್ನಬೇಡಿ. ಕೀಲಿನೊಳಗೆ ಸೋಂಕು ಆಗುವುದು ಅಪರೂಪ, ಆದರೆ ಒಮ್ಮೆ ಆಯಿತು ಅಂದರೆ ಕೆಲವೇ ದಿನಗಳಲ್ಲಿ ಕೀಲನ್ನೇ ಹಾಳು ಮಾಡುತ್ತದೆ. ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.