ಮಳೆಗಾಲಕ್ಕೆ ಕೊಡೆ ಬಟ್ಟೆ, ದೀಪಾವಳಿಗೆ ವಾಯಿಲ್ ಸೀರೆ

ಹಳೆ ಬಟ್ಟೆಯಿಂದ ಮನೆಗೆ ಏನಾದರೂ ಹೊಲಿಯುವ ಮೊದಲು ನಾನು ಹೊರಗಿನ ಹವೆ ನೋಡುತ್ತೇನೆ. ಬಣ್ಣ, ಚಿತ್ತಾರದ ಯೋಚನೆ ಆಮೇಲೆ. ಶಿರಸಿ ಸೀಮೆಯಲ್ಲಿ ಜೂನ್ ಬಂತೆಂದರೆ ಗೋಡೆ ಬೆವರುತ್ತದೆ, ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತದೆ. ಆ ಹೊತ್ತಿನಲ್ಲಿ ದಪ್ಪ ಹತ್ತಿ ಬಟ್ಟೆಯ ತೋರಣ ಕಟ್ಟಿದರೆ ಚೌತಿಯೊಳಗೆ ಅದರ ಮೇಲೆ ಕಪ್ಪು ಚುಕ್ಕೆ ಗ್ಯಾರಂಟಿ. ತವರುಮನೆ ಕುಮಟಾ ಕಡೆ. ಅಲ್ಲಿ ಸಮುದ್ರದ ಉಪ್ಪು ಗಾಳಿ, ಅಲ್ಲಿನ ಲೆಕ್ಕವೇ ಬೇರೆ. ಹಾಗಾಗಿ ನಮ್ಮ ಮನೆಯಲ್ಲಿ ವರ್ಷಪೂರ್ತಿ ತೂಗುವ ಅಲಂಕಾರ ಅಂತ ಯಾವುದೂ ಇಲ್ಲ. ಒಂದೊಂದು ಕಾಲಕ್ಕೆ ಒಂದೊಂದು ಬಟ್ಟೆ. ಕಾಲ ಮುಗಿದ ಕೂಡಲೇ ಇಳಿಸಿ, ತೊಳೆದು, ಒಣಗಿಸಿ ಟ್ರಂಕಿಗೆ. ತೊಳೆಯಲು ಬಾರದ್ದನ್ನು ನಾನು ಹೊಲಿಯುವುದೇ ಇಲ್ಲ. ಗೋಂದು, ರಟ್ಟು, ಥರ್ಮೋಕೋಲ್ ಇವು ಯಾವುವೂ ನನ್ನ ಹೊಲಿಗೆ ಡಬ್ಬಿಯಲ್ಲಿಲ್ಲ.

ಮೊದಲ ಕೆಲಸ ಬಟ್ಟೆ ಬೇರೆ ಮಾಡುವುದು. ಹತ್ತಿ, ರೇಷ್ಮೆ, ಪಾಲಿಯೆಸ್ಟರ್ ಅಂತ ಮೂರು ಗುಡ್ಡೆ. ಯಾವುದು ಯಾವುದೆಂದು ಕೈಗೆ ಗೊತ್ತಾಗದಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಗುಂಡು ಕಟ್ಟುತ್ತದೆ. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಎಲ್ಲಿ ಸವೆದಿದೆ ಎಂದು ಅಲ್ಲೇ ಕಾಣುತ್ತದೆ. ಸವೆದ ಜಾಗ ಒಳಗಿನ ಪದರಕ್ಕೆ, ಗಟ್ಟಿ ಇರುವುದು ಮೇಲಕ್ಕೆ.

ಸೀರೆಗಳಲ್ಲಿ ನನಗೆ ಇಳಕಲ್ ಅಂದರೆ ಹೆಚ್ಚು ಪ್ರೀತಿ. ಮೈ ಹರಿದು ಹೋದರೂ ಅಂಚು ಮತ್ತು ಸೆರಗು ಗಟ್ಟಿಯಾಗಿ ಉಳಿದಿರುತ್ತವೆ. ಅತ್ತೆ ತಮ್ಮ ಹಳೆಯ ಇಳಕಲ್ ಸೀರೆ ಕೈಗೆ ಕೊಡುವಾಗ ಹೇಳಿದ್ದು ಒಂದೇ ಮಾತು: “ಕೂಸೆ, ಸೆರಗು ಮಾತ್ರ ಕತ್ತರಿಸಡ.” ಆ ಕೆಂಪು ಸೆರಗಿನಲ್ಲಿ ಟೋಪು ತೆನೆ ಎನ್ನುವ ಬಿಳಿ ಚಿತ್ತಾರ ಸಾಲಾಗಿ ನಿಂತಿರುತ್ತದಲ್ಲ, ಅದನ್ನು ತುಂಡು ಮಾಡಿದರೆ ಸೀರೆಯ ಗುರುತೇ ಹೋಗುತ್ತದೆ. ಅದನ್ನು ಇಡಿಯಾಗಿಯೇ ಉಳಿಸಿದ್ದೇನೆ. ಹಬ್ಬದ ಹೊತ್ತಿಗೆ ಅದು ದೇವರ ಹಿಂದಿನ ಪರದೆ. ತೊಳೆಯುವಾಗ ಮಾತ್ರ ನೆನಪಿರಲಿ, ಇಳಕಲ್‌ನಲ್ಲಿ ಮೈ ಹತ್ತಿಯದಾದರೂ ಸೆರಗು ರೇಷ್ಮೆ. ಸೋಡಾ ಬೇಡ, ಬಿಸಿನೀರು ಬೇಡ, ತಣ್ಣೀರಿನಲ್ಲಿ ಅಂಟುವಾಳ ಸಾಕು.

ಇನ್ನು ಕಣದ ವಿಷಯ. ಮದುವೆ, ಉಪನಯನ, ಬಾಗಿನ ಅಂತ ಬಂದ ರವಿಕೆ ಕಣ ಪ್ರತಿ ಮನೆಯಲ್ಲೂ ಗಂಟು ಗಂಟು ಇರುತ್ತದೆ ಅಲ್ವಾ? ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಮತ್ತೆ ನಮ್ಮನೆಗೇ ಬಂದು ಸೇರುವುದೂ ಇದೆ. ಅದರಲ್ಲಿ ಗುಳೇದಗುಡ್ಡದ ಖಣ ಸಿಕ್ಕರೆ ನಾನು ಬೇರೆ ಎತ್ತಿಡುತ್ತೇನೆ. ಅದರ ಸಣ್ಣ ಚಿತ್ತಾರ ಸಣ್ಣ ತುಂಡಿನಲ್ಲೂ ಪೂರ್ತಿ ಕಾಣುತ್ತದೆ. ಉಳಿದ ತೆಳು ಕಣಗಳು ಪತಾಕೆಗೆ ಆಗುತ್ತವೆ.

ಮಳೆಗಾಲಕ್ಕೆ ನನ್ನ ಬಟ್ಟೆ ಹಳೆ ಕೊಡೆ. ಮುರಿದ ಕೊಡೆಯನ್ನು ಯಾರೂ ಎಸೆಯುವುದಿಲ್ಲ, ಅಟ್ಟಕ್ಕೆ ಸೇರಿಸುತ್ತಾರೆ. ಕೇಳಿದರೆ ಅಕ್ಕಪಕ್ಕದವರೆಲ್ಲ ಖುಷಿಯಿಂದ ಕೊಡುತ್ತಾರೆ. ಸಾಮಾನ್ಯ ಕೊಡೆಗೆ 8 ಕಡ್ಡಿ, ಹಾಗಾಗಿ ಬಟ್ಟೆಯೂ 8 ಎಲೆ. ಕಡ್ಡಿಯ ತುದಿಗೆ ಕಟ್ಟಿದ ದಾರ ಬಿಚ್ಚಿ, ಮೇಲಿನ ಟೊಪ್ಪಿ ತೆಗೆದರೆ ಬಟ್ಟೆ ಇಡಿಯಾಗಿ ಕೈಗೆ ಬರುತ್ತದೆ. ಎಲೆ ಎಲೆ ಕೂಡಿಸಿದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ. ಕತ್ತರಿ ಹಾಕಿದರೆ ಅಗಲ ಹೋಗುತ್ತದೆ. ಕೊನೆಗೆ 8 ತ್ರಿಕೋನ ಸಿಗುತ್ತವೆ. ಅಳತೆ ಬೇಡ, ಗುರುತು ಬೇಡ, ಕೊಡೆ ಮಾಡಿದವರೇ ಕತ್ತರಿಸಿ ಕೊಟ್ಟಿದ್ದಾರೆ. ಅಗಲದ ಬದಿಯನ್ನು ನೈಲಾನ್ ಹುರಿಯ ಮೇಲೆ ಮಡಚಿ ಹೊಲಿದರೆ ಚೂಪು ತುದಿ ಕೆಳಗೆ ಇಳಿಯುತ್ತದೆ. ಕರಿ ಕೊಡೆಯ ಒಂದು ಎಲೆ, ಹೂವಿನ ಕೊಡೆಯ ಒಂದು ಎಲೆ ಹೀಗೆ ಸಾಲು ಮಾಡಿ. ಚೂಪಿನ ತುದಿಗೆ ಹಳೆ ಕೋಟಿನ ದೊಡ್ಡ ಗುಂಡಿ ಹೊಲಿಯಿರಿ, ಇಲ್ಲದಿದ್ದರೆ ಆಷಾಢದ ಗಾಳಿಗೆ ಬಟ್ಟೆ ಹುರಿಗೇ ಸುತ್ತಿಕೊಳ್ಳುತ್ತದೆ. ಕಡ್ಡಿಗಳು ತುಕ್ಕು ಹಿಡಿದಿರುತ್ತವೆ, ಗುಜರಿಗೆ ಹಾಕಿ.

ಜಗುಲಿಯ ಮಾಡಿನ ಕೆಳಗೆ ಈ ಸಾಲು ಕಟ್ಟಿದರೆ ಎರಚಲು ಹೊಡೆದರೂ ಹಾಳಾಗುವುದಿಲ್ಲ. ನೀರು ಮಣಿ ಮಣಿಯಾಗಿ ಜಾರಿ ಗುಂಡಿಯ ಮೇಲೆ ನಿಂತು ಬೀಳುತ್ತದೆ. ಸುತ್ತ ಸೋಗೆಯ ತಟ್ಟಿ ಕಟ್ಟಿ ಮನೆಯೆಲ್ಲ ಕತ್ತಲೆಯಾಗಿರುವ ಆ ತಿಂಗಳುಗಳಲ್ಲಿ ಹಳದಿ, ಕೆಂಪು ಬಟ್ಟೆ ಕಣ್ಣಿಗೆ ಎಷ್ಟು ಬೇಕಾಗುತ್ತದೆ ಎನ್ನುವುದು ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೇ ಗೊತ್ತು. ಒಳಗಡೆ ಕಿಟಕಿಗೆ ಜಾರ್ಜೆಟ್ ಸೀರೆಯ ಪರದೆ ಹಾಕುತ್ತೇನೆ. ಬೆಳಕು ತಡೆಯುವುದಿಲ್ಲ, ಒದ್ದೆಯಾದರೂ ಬಚ್ಚಲ ಒಲೆಯ ಬಿಸಿಗೆ ಬೇಗ ಒಣಗುತ್ತದೆ.

ಚೌತಿಗೆ ಹೆಚ್ಚು ಹೊಲಿಯುವುದಿಲ್ಲ. ಗಣಪತಿಯ ಮೇಲೆ ಫಲಾವಳಿ ಕಟ್ಟುತ್ತೇವೆ. ಸೌತೆ, ಹೀರೆ, ಮೊಗೆಕಾಯಿ, ಅಡಿಕೆ ಗೊನೆ, ಕಾಡಿನ ಕಾಯಿ ಹೀಗೆ ಆ ಕಾಲದಲ್ಲಿ ಸಿಕ್ಕಿದ್ದೆಲ್ಲ ಅದರಲ್ಲಿ ತೂಗುತ್ತದೆ. ಅದರ ಪಕ್ಕ ಬಟ್ಟೆಯ ಹಣ್ಣು, ಬಟ್ಟೆಯ ಹೂವು ತೂಗಿಸುವುದು ನನಗೆ ಸರಿ ಕಾಣುವುದಿಲ್ಲ. ಬಾಗಿಲಿಗೂ ನಿಜವಾದ ಮಾವಿನ ಎಲೆಯೇ ಬೇಕು. ಬಟ್ಟೆಗೆ ಅಲ್ಲಿ ಹಿಂದೆ ನಿಲ್ಲುವ ಕೆಲಸ. ಇಳಕಲ್ ಸೆರಗು, ಎರಡು ಬದಿಗೆ ಹಳೆ ರೇಷ್ಮೆ ಅಂಚು, ಅಷ್ಟೇ. ಇನ್ನೊಂದು ಮಾತು. ಸೂತಕದ ಕಾಲದಲ್ಲಿ ಉಟ್ಟ ಬಟ್ಟೆಯನ್ನು ದೇವರ ಮುಂದೆ ತರಬಾರದು ಎನ್ನುವ ಹಿರಿಯರು ಮನೆಯಲ್ಲಿದ್ದರೆ ಅವರ ಮಾತು ಕೇಳಿ. ಧಾರೆ ಸೀರೆಯನ್ನು ಕಾಲೊರಸಿಗೆ ಹೊಲಿಯಬೇಡಿ. ಬಟ್ಟೆಗೂ ಒಂದು ಮರ್ಯಾದೆ ಇದೆ ಎಂದು ನಾನು ನಂಬುತ್ತೇನೆ.

ದೀಪಾವಳಿಗೆ ಗೂಡುದೀಪ. ಇದಕ್ಕೆ ತೆಳು ವಾಯಿಲ್ ಸೀರೆಗಿಂತ ಒಳ್ಳೆಯ ಬಟ್ಟೆ ಇಲ್ಲ. ಬಿದಿರು ಸೀಳಿ ಎರಡು ಬಳೆ ಮಾಡಿ, ನಡುವೆ ನಾಲ್ಕು ಕಡ್ಡಿ ಕಟ್ಟಿದರೆ ಗೂಡು ಸಿದ್ಧ. ಬಟ್ಟೆಯನ್ನು ಅದಕ್ಕೆ ಅಂಟಿಸಬಾರದು. ಲಂಗ ಹೊಲಿದ ಹಾಗೆ ಕೊಳವೆಯಾಗಿ ಹೊಲಿದು, ಮೇಲೆ ಕೆಳಗೆ ಎರಡೂ ಕಡೆ ಲಾಡಿ ಹಾಕಿ. ಗೂಡಿಗೆ ತೊಡಿಸಿ ಲಾಡಿ ಎಳೆದು ಕಟ್ಟಿದರೆ ಬಿಗಿಯಾಗಿ ಕೂರುತ್ತದೆ. ಹಬ್ಬ ಕಳೆದ ಮೇಲೆ ಬಿಚ್ಚಿದರೆ ಬಟ್ಟೆ ಅಂಗೈಯಗಲಕ್ಕೆ ಮಡಚಿಕೊಳ್ಳುತ್ತದೆ. ಕೆಳಗಿನ ಬಾಲಕ್ಕೆ ಕತ್ತರಿಸಿ ಉಳಿದ ಜರಿ ಅಂಚು. ವಾಯಿಲ್ ಸೊಪ್ಪೆ ಅನಿಸಿದರೆ ಗಂಜಿ ತಿಳಿಯಲ್ಲಿ ಅದ್ದಿ ಒಣಗಿಸಿ. ಆದರೆ ಎತ್ತಿಡುವ ಮೊದಲು ಆ ಗಂಜಿ ಪೂರ್ತಿ ತೊಳೆದು ಹೋಗಬೇಕು, ಇಲ್ಲದಿದ್ದರೆ ಜಿರಲೆಗೆ ಹಬ್ಬ. ಒಳಗೆ ಸಣ್ಣ ಎಲ್‌ಇಡಿ ಬಲ್ಬ್ ಮಾತ್ರ. ಹಣತೆ ಇಡಲೇಬಾರದು. ಹತ್ತಿ ಬೇಗ ಹೊತ್ತಿಕೊಳ್ಳುತ್ತದೆ, ಪಾಲಿಯೆಸ್ಟರ್ ಕರಗಿ ಮೈಮೇಲೆ ಬಿದ್ದರೆ ಚರ್ಮಕ್ಕೆ ಅಂಟುತ್ತದೆ. ಈ ಮಾತನ್ನು ನಾನು ಮಕ್ಕಳಿರುವ ಮನೆಗಳಲ್ಲಿ ಮತ್ತೆ ಮತ್ತೆ ಹೇಳುತ್ತೇನೆ.

ಅಡಿಕೆ ಕೊಯ್ಲು ಶುರುವಾದ ಮೇಲೆ ನಾನು ಕಾಯುವುದು ಚೊಗರಿಗೆ. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ರಸ ಅದು. ಒಮ್ಮೆ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ ಎನ್ನುವುದು ಅಡಿಕೆ ಸುಲಿದವರಿಗೆಲ್ಲ ಗೊತ್ತು. ಹೋಗದಿರುವುದೇ ನಮಗೆ ಬೇಕಾದದ್ದು. ಸಾಗರದ ಹತ್ತಿರ ಹೆಗ್ಗೋಡಿನ ‘ಚರಕ’ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಇದೇ ಬಣ್ಣ ಬಳಸುತ್ತಾರೆ. ಮನೆಯಲ್ಲಿ ಮಾಡುವುದೂ ಕಷ್ಟವಲ್ಲ. ಕಲೆ ಬಿದ್ದು ಉಡಲು ಬಾರದ ಹತ್ತಿ ಪಂಚೆಗಳನ್ನು ಚೆನ್ನಾಗಿ ತೊಳೆದು, ಒದ್ದೆ ಇರುವಾಗಲೇ ಸ್ವಲ್ಪ ಸ್ಫಟಿಕ (ಆಲಂ) ಕರಗಿಸಿದ ನೀರಿನಲ್ಲಿ ನೆನೆಸಿಡಿ. ಆಮೇಲೆ ಬಿಸಿ ನೀರಿನಲ್ಲಿ ತೆಳು ಮಾಡಿದ ಚೊಗರಿನಲ್ಲಿ ಮುಳುಗಿಸಿ, ಕೋಲಿನಿಂದ ಆಗಾಗ ತಿರುಗಿಸಿ. ಒಂದೇ ಕಡೆ ಮಡಿಕೆ ನಿಂತರೆ ಅಲ್ಲಿ ಪಟ್ಟೆ ಬೀಳುತ್ತದೆ. ಒಣಗಿಸುವುದು ನೆರಳಿನಲ್ಲಿ. ಮೊದಲು ಇಟ್ಟಿಗೆ ಬಣ್ಣ ಬರುತ್ತದೆ. ಸುಣ್ಣದ ತಿಳಿನೀರಿಗೆ ಅದ್ದಿದರೆ ಕೆಂಪು ಏರುತ್ತದೆ, ಕವಳ (ಎಲೆ ಅಡಿಕೆ) ಹಾಕುವವರಿಗೆ ಇದನ್ನು ವಿವರಿಸಬೇಕಿಲ್ಲ. ತುಕ್ಕು ಹಿಡಿದ ಮೊಳೆ ನೆನೆಸಿದ ನೀರಿಗೆ ಅದ್ದಿದರೆ ಕಂದು ಕಪ್ಪಾಗುತ್ತದೆ. ಚೊಗರಿನ ಒಗರು ಕಬ್ಬಿಣದ ಜೊತೆ ಸೇರಿದಾಗ ಹಾಗಾಗುತ್ತದೆ. ಪಾಲಿಯೆಸ್ಟರ್ ಮಿಶ್ರ ಇರುವ ಪಂಚೆಗೆ ಈ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಇಡೀ ಬೇಸಿಗೆ ನಮ್ಮ ಜಗುಲಿಯ ಪರದೆ, ದಿಂಬಿನ ಚೀಲ, ಮೇಜಿನ ಹಾಸು ಎಲ್ಲ ಇದೇ ಪಂಚೆಯವು.

ಬೇಸಿಗೆ ಹತ್ತಿರ ಬಂದಾಗ ಜಾತ್ರೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ನಡೆಯುವಾಗ ಶಿರಸಿ ಸುತ್ತಲಿನ ಮನೆಗಳಲ್ಲಿ ನೆಂಟರಿಗೆ ಮಲಗಲು ಜಾಗ ಸಾಲುವುದಿಲ್ಲ. ಹಾಸುವುದಕ್ಕೂ ಹೊದೆಯುವುದಕ್ಕೂ ಕೌದಿ ಬೇಕು. ನಾನು ಮೊದಲೆಲ್ಲ ಚೌಕ ಚೌಕ ತುಂಡು ಕತ್ತರಿಸಿ, ಸಾಲು ಜೋಡಿಸಿ ಮಷಿನ್‌ನಲ್ಲಿ ಹೊಲಿಯುತ್ತಿದ್ದೆ. ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಯುವುದನ್ನು ಪಕ್ಕದಲ್ಲಿ ಕೂತು ನೋಡಿದ ಮೇಲೆ ನನ್ನ ಕೈ ಬದಲಾಯಿತು.

ಅವರು ಮೊದಲೇ ನಕ್ಷೆ ಹಾಕುವುದಿಲ್ಲ. ಹಳೆ ಸೀರೆಯೊಂದನ್ನು ತಳಕ್ಕೆ ಹಾಸಿ ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಕೈಗೆ ಸಿಕ್ಕ ತುಂಡಿನ ಅಂಚು ಒಳಗೆ ಮಡಚಿ, ದಪ್ಪ ದಾರದಲ್ಲಿ ಉದ್ದಕ್ಕೆ ಹೊಲಿಗೆ ಹಾಕುತ್ತಾ ಅಂಚಿನಗುಂಟ ಹೋಗುತ್ತಾರೆ. ಮುಂದಿನ ತುಂಡು ಹಿಂದಿನದರ ಮೇಲೆ ಸ್ವಲ್ಪ ಹತ್ತಿ ಕೂರುತ್ತದೆ. ನಾಲ್ಕು ಬದಿ ಸುತ್ತಿ ಬಂದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು, ಹಾಗೇ ಸುತ್ತುತ್ತಾ ನಡುವಿಗೆ ಬಂದು ಮುಗಿಯುತ್ತದೆ. ಹೊಲಿಗೆಯ ಸಾಲು ಒಂದು ಬೆರಳಗಲಕ್ಕಿಂತ ಹತ್ತಿರ ಇರುತ್ತದೆ. ಅದಕ್ಕೇ ಕೌದಿ ಹರಿದರೂ ಒಮ್ಮೆಗೇ ಬಿಚ್ಚಿಕೊಳ್ಳುವುದಿಲ್ಲ. ಮೂಲೆಗಳಿಗೆ ‘ಫೂಲ’ ಇಡುತ್ತಾರೆ. ಚೌಕದ ಸಣ್ಣ ತುಂಡನ್ನು ಮಡಚಿ ತ್ರಿಕೋನ, ಮತ್ತೆ ಮಡಚಿ ಇನ್ನೂ ಸಣ್ಣ ತ್ರಿಕೋನ. ಒಂದರ ಮೇಲೊಂದು ಬೇರೆ ಬೇರೆ ಬಣ್ಣದವನ್ನು ಇಟ್ಟು, ಬಿಚ್ಚಿದ ಅಂಚೆಲ್ಲ ಒಳಗೆ ಸೇರುವ ಹಾಗೆ ಹೊಲಿಯುತ್ತಾರೆ. ಫೂಲ ಇಲ್ಲದ ಕೌದಿ ಅವರಿಗೆ ಪೂರ್ತಿಯಾದ ಕೌದಿ ಅಲ್ಲ.

ಈ ರೀತಿಯಲ್ಲಿ ನಾನು ಹೊಲಿಯುವುದು ಸಣ್ಣವು ಮಾತ್ರ. ಬಾಗಿಲ ಪಕ್ಕ ಗೋಡೆಗೆ ತೂಗುವಷ್ಟು, ಕುರ್ಚಿಗೆ ಹಾಕುವಷ್ಟು, ಮೊಮ್ಮಗುವಿನ ತೊಟ್ಟಿಲಿಗೆ ಆಗುವಷ್ಟು. ದೊಡ್ಡ ಕೌದಿ ಬೇಕಾದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರಿಂದಲೇ ಹೊಲಿಸಿಕೊಳ್ಳಿ, ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಡಿ. ಬಟ್ಟೆ ಹಳೆಯದು ನಿಜ, ಆದರೆ ಆ ಕೈಕೆಲಸ ಹಳೆ ಬಟ್ಟೆಯ ಬೆಲೆಗೆ ಸಿಗುವಂಥದ್ದಲ್ಲ.

ಕಾರವಾರ, ಅಂಕೋಲಾ, ಕುಮಟಾದಂಥ ಸಮುದ್ರದ ದಂಡೆಯ ಊರಿನವರಿಗೆ ಒಂದು ವಿಷಯ. ಕಬ್ಬಿಣದ ಮೊಳೆ, ಸ್ಟೇಪ್ಲರ್ ಪಿನ್ನು, ಅಗ್ಗದ ಪರದೆ ರಿಂಗು ಯಾವುದನ್ನೂ ಬಟ್ಟೆಗೆ ತಾಗಿಸಬೇಡಿ. ಉಪ್ಪು ಗಾಳಿಗೆ ತುಕ್ಕು ಬಂದು ಬಟ್ಟೆಯ ಮೇಲೆ ಕಂದು ಉಂಗುರ ಬೀಳುತ್ತದೆ. ತವರುಮನೆಯಲ್ಲಿ ಪರದೆಗೆಲ್ಲ ಅದೇ ಬಟ್ಟೆಯ ಕುಣಿಕೆ ಹೊಲಿದು ಬಿದಿರು ಕೋಲಿಗೆ ಪೋಣಿಸಿದ್ದೇವೆ. ಸೂಜಿಯನ್ನೂ ಕೊಬ್ಬರಿ ಎಣ್ಣೆ ಸವರಿದ ಬಟ್ಟೆಗೆ ಚುಚ್ಚಿಡಿ.

ಎತ್ತಿಡುವ ಕೆಲಸಕ್ಕೆ ಬಿಸಿಲಿನ ದಿನವೇ ಬೇಕು. ಎಲ್ಲವನ್ನೂ ಮೇ ತಿಂಗಳ ಬಿಸಿಲಲ್ಲಿ ತಿರುವಿ ಹಾಕಿ, ತಣಿದ ಮೇಲೆ ಮಡಚುತ್ತೇನೆ. ಬಿಸಿ ಇರುವಾಗಲೇ ಟ್ರಂಕಿಗೆ ಹಾಕಿದರೆ ಒಳಗೆ ಬೆವರು ಕಟ್ಟುತ್ತದೆ. ಖಣದ ತುಂಡಿನ ಪುಟ್ಟ ಚೀಲಗಳಲ್ಲಿ ಲಾವಂಚದ ಬೇರು, ಬಜೆಯ ತುಂಡು ತುಂಬಿ ಮಡಿಕೆಗಳ ನಡುವೆ ಇಡುತ್ತೇನೆ. ಜರಿಯ ಬಟ್ಟೆಯನ್ನು ಹಳೆ ಮಲ್ ಪಂಚೆಯಲ್ಲಿ ಸುತ್ತಬೇಕು, ಪ್ಲಾಸ್ಟಿಕ್ ಚೀಲದಲ್ಲಿ ಬೇಡ.

ಇಷ್ಟೆಲ್ಲ ಆದ ಮೇಲೆ ಹೆಬ್ಬೆಟ್ಟಿನಗಲದ ಉದ್ದುದ್ದ ಪಟ್ಟಿಗಳು ಉಳಿಯುತ್ತವೆ. ಅವನ್ನು ಮೂರು ಎಳೆ ಹೆಣೆದು, ಸುತ್ತಿ, ಅಡಿಯಿಂದ ಹೊಲಿದರೆ ಸಿಂಬೆ. ಹೂವಿನ ತಂಬಿಗೆ ಇಡಲು, ಮಜ್ಜಿಗೆ ಗಡಿಗೆ ಕೂರಿಸಲು, ಬಿಸಿ ಪಾತ್ರೆ ಇಳಿಸಲು ಎಲ್ಲದಕ್ಕೂ ಆಗುತ್ತದೆ. ಬಿಸಿ ಪಾತ್ರೆಗಾದರೆ ಹತ್ತಿಯ ಪಟ್ಟಿ ಮಾತ್ರ ಬಳಸಿ. ಹೊಲಿಗೆ ಹೊಸದಾಗಿ ಕಲಿಯುವವರು ಬಂದರೆ ನಾನು ಮೊದಲು ಕೈಗೆ ಕೊಡುವುದು ಸಿಂಬೆಯ ಪಟ್ಟಿಯನ್ನೇ. ಸಂಜೆಯೊಳಗೆ ಒಂದು ಮುಗಿಸಿ ಮನೆಗೆ ಒಯ್ಯಬಹುದು.