ಸ್ಪಾಸಂ ಬಿಟ್ಟಿತು ಅಂತ ವಾರ್ಡಿಗೆ ಕಳಿಸಬೇಡಿ

ಆಪರೇಷನ್ ಮುಗಿದು ಉಸಿರಿನ ಟ್ಯೂಬ್ ತೆಗೆದಿರಿ, ಲಾರಿಂಗೋಸ್ಪಾಸಂ (ಧ್ವನಿತಂತುಗಳು ಬಿಗಿದು ಗಂಟಲು ಮುಚ್ಚಿಕೊಳ್ಳುವುದು) ಬಂತು, ಹೇಗೋ ಬಿಡಿಸಿದಿರಿ. ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ಶೇ. 98. ಮುಂದಿನ ಕೇಸಿಗೆ ಸರ್ಜನ್ ಅವಸರ ಮಾಡುತ್ತಿದ್ದಾರೆ. ನಮ್ಮ ಅರಿವಳಿಕೆ ವಿಭಾಗದ ಪಿಜಿಗಳಿಗೆ ನಾನು ಹೇಳುವುದು: ಆ ರೋಗಿಯನ್ನು ಕೆಲವು ಗಂಟೆ ರಿಕವರಿಯಲ್ಲೇ ಇಟ್ಟುಕೊಳ್ಳಿ. ಸ್ಪಾಸಂ ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ನೀರು ತುಂಬಬಹುದು; ಇದಕ್ಕೆ ನೆಗೆಟಿವ್ ಪ್ರೆಷರ್ ಪಲ್ಮನರಿ ಎಡಿಮಾ ಅನ್ನುತ್ತಾರೆ.

ಗಂಟಲು ಮುಚ್ಚಿದಾಗ ರೋಗಿ ಇದ್ದಬದ್ದ ಶಕ್ತಿಯಿಂದ ಉಸಿರೆಳೆಯುತ್ತಾನೆ. ಗಾಳಿ ಬರುವುದಿಲ್ಲ, ಎದೆಯೊಳಗಿನ ಒತ್ತಡ ಮಾತ್ರ ಮೈನಸ್ 50, ಕೆಲವೊಮ್ಮೆ ಮೈನಸ್ 100 ಸೆಂ.ಮೀ. ನೀರಿನಷ್ಟು ಇಳಿಯುತ್ತದೆ. ಆ ಸೆಳೆತಕ್ಕೆ ರಕ್ತನಾಳದ ನೀರು ಗಾಳಿಚೀಲಕ್ಕೆ ನುಗ್ಗುತ್ತದೆ. ಎಳೆಯಲು ಶಕ್ತಿ ಬೇಕಲ್ವಾ? ಅದಕ್ಕೇ ಮೂಗು ಮುರಿದುಕೊಂಡು ಬಂದ ಕಬಡ್ಡಿ ಹುಡುಗನ ವಿಷಯದಲ್ಲಿ ನನಗೆ ಭಯ ಜಾಸ್ತಿ. ದೊಡ್ಡ ಟಾನ್ಸಿಲ್ ತೆಗೆಸಿಕೊಂಡ ಮಕ್ಕಳಲ್ಲೂ, ಹಳೆಯ ಅಡ್ಡಿ ಹೋದ ಮೇಲೆ, ಹೀಗಾಗುವುದುಂಟು.

ಸ್ಪಾಸಂ ಬಂದರೆ ದವಡೆ ಮುಂದಕ್ಕೆ ಎತ್ತಿ, ಮಾಸ್ಕ್ ಬಿಗಿಯಾಗಿ ಹಿಡಿದು ಶೇ. 100 ಆಕ್ಸಿಜನ್ ಜೊತೆ ಸಿಪ್ಯಾಪ್ (ಮಾಸ್ಕ್ ಮೂಲಕ ಬಿಡದೆ ಕೊಡುವ ಗಾಳಿಯ ಒತ್ತಡ) ಕೊಡಿ. ಬಿಡದಿದ್ದರೆ ಅರಿವಳಿಕೆ ಮದ್ದು ಪ್ರೊಪೊಫಾಲ್, ಕೆ.ಜಿ.ಗೆ 0.5 ಮಿ.ಗ್ರಾಂ. ಅದಕ್ಕೂ ಬಗ್ಗದಿದ್ದರೆ ಸ್ನಾಯು ಸಡಿಲಿಸುವ ಸ್ಕೋಲಿನ್. ಸುಮ್ನೆ ಕಾಯಬೇಡಿ, ಗುದ್ದಾಟ ಲಂಬಿಸಿದಷ್ಟೂ ನೀರು ಹೆಚ್ಚು. ಟ್ಯೂಬ್ ಕಚ್ಚಿ ಹಿಡಿದರೂ ಇದೇ ಕಥೆ. ಮೊದಲೇ ಹಲ್ಲುಗಳ ನಡುವೆ ಬೈಟ್ ಬ್ಲಾಕ್ ಇಡಿ. ಇಡದೆ ಸಿಕ್ಕಿಬಿದ್ದರೆ ಟ್ಯೂಬಿನ ಕಫ್‌ನ (ಸುತ್ತಲಿನ ಬಲೂನಿನ) ಗಾಳಿ ತೆಗೆಯಿರಿ, ಪಕ್ಕದಿಂದಾದರೂ ಉಸಿರು ಸಿಗುತ್ತದೆ.

ನೀರು ತುಂಬಿದ ಲಕ್ಷಣಗಳು ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ ಬರುತ್ತವೆ, ಅಪರೂಪಕ್ಕೆ ಗಂಟೆಗಳ ನಂತರ. ಉಸಿರಿನ ವೇಗ, ಬಿಡದ ಕೆಮ್ಮು, ಎದೆಯ ಎರಡೂ ಕಡೆ ಕ್ರೆಪ್ಸ್ (ಸ್ಟೆತಸ್ಕೋಪಿನಲ್ಲಿ ಕೇಳುವ ಚಟಪಟ ಸದ್ದು), ಕೊನೆಗೆ ಬಾಯಲ್ಲಿ ಗುಲಾಬಿ ನೊರೆ. ಆಕ್ಸಿಜನ್ ಹಾಕಿಟ್ಟರೆ ಸ್ಯಾಚುರೇಷನ್ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನಂಬಬೇಡಿ. ರೋಗಿ ಆರಾಮಾಗಿದ್ದರೆ ಸ್ವಲ್ಪ ಹೊತ್ತು ಮಾಸ್ಕ್ ತೆಗೆದು ನೋಡಿ. ಎಕ್ಸ್‌ರೇ ಮಾಡಿಸಿ. ವಾಂತಿ ಒಳಗೆ ಹೋಗಿದೆಯಾ, ಹೃದಯದ ತೊಂದರೆಯಾ, ಅಲರ್ಜಿಯಾ ಅನ್ನುವುದನ್ನೂ ಬಿಡಬೇಡಿ.

ತಲೆ ಎತ್ತರಿಸಿ, ಆಕ್ಸಿಜನ್ ಕೊಟ್ಟು, ಸಿಪ್ಯಾಪ್ 5ರಿಂದ 10 ಸೆಂ.ಮೀ. ನೀರಿನಷ್ಟರಲ್ಲಿ ಇಡಿ. ರೋಗಿ ಸುಸ್ತಾಗುತ್ತಿದ್ದರೆ ಮತ್ತೆ ಟ್ಯೂಬ್ ಹಾಕಿ, ಪೀಪ್ (ಉಸಿರು ಬಿಟ್ಟ ಮೇಲೂ ಉಳಿಸುವ ಒತ್ತಡ) ಜೊತೆ ವೆಂಟಿಲೇಟರ್. ನೊರೆ ಕಂಡ ಕೂಡಲೇ ಎಲ್ಲರೂ ಮೂತ್ರ ಹೆಚ್ಚಿಸಿ ನೀರು ಇಳಿಸುವ ಲ್ಯಾಸಿಕ್ಸ್ ಅನ್ನುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ಮೈಯಲ್ಲಿ ನೀರು ಹೆಚ್ಚಾಗಿ ಆದದ್ದಲ್ಲ ಇದು, ಬಿ.ಪಿ. ಕಡಿಮೆಯಿದ್ದರೆ ಇನ್ನಷ್ಟು ಬೀಳಿಸುತ್ತೀರಿ. ಸರಿಯಾಗಿ ಆಕ್ಸಿಜನ್, ಒತ್ತಡ ಸಿಕ್ಕರೆ ಹೆಚ್ಚಿನವರು 24ರಿಂದ 48 ಗಂಟೆಯಲ್ಲಿ ಚೇತರಿಸಿಕೊಳ್ಳುತ್ತಾರೆ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದನ್ನು ಬರೆಯಿರಿ, ಮನೆಯವರಿಗೂ ಬಾಯಿಬಿಟ್ಟು ಹೇಳಿ. ಮುಂದಿನ ಸಲ ಅರಿವಳಿಕೆ ಕೊಡುವವರು ಕೇಳಿದಾಗ ಅವರೇ ಹೇಳಬೇಕಾದದ್ದು.