ಕ್ಯಾಲಿಫೋರ್ನಿಯಾದಲ್ಲಿ ದುಬಾರಿ ಕಾರು ಪದೇ ಪದೇ ಕೆಟ್ಟರೆ ಕಂಪನಿಯನ್ನು ಕೇಳುವುದು ಹೇಗೆ

ಬೇ ಏರಿಯಾದಲ್ಲಿ ಕೆಲವು ವರ್ಷ ದುಡಿದ ಮೇಲೆ ಬಿಎಂಡಬ್ಲ್ಯೂ, ಮರ್ಸಿಡಿಸ್ ಅಥವಾ ಪೋರ್ಷೆ ಕೊಳ್ಳುವ ಕನ್ನಡಿಗರು ಇದ್ದಾರೆ. ಕಾರು ಕೆಟ್ಟಾಗ ಮಾತ್ರ ನಮ್ಮಲ್ಲಿ ಅನೇಕರು ಡೀಲರ್ ಹೇಳಿದ್ದನ್ನು ಕೇಳಿಕೊಂಡು ಸುಮ್ನೆ ಬಂದುಬಿಡುತ್ತಾರೆ. ಜಗಳ ಯಾಕೆ, ವೀಸಾಕ್ಕೆ ತೊಂದರೆಯಾದರೆ ಏನು ಗತಿ ಎಂಬ ಅಳುಕು. ಆ ಅಳುಕು ಬೇಡ. ಇದು ಗ್ರಾಹಕ ಮತ್ತು ಕಂಪನಿ ನಡುವಿನ ಸಿವಿಲ್ ವಿಚಾರ. ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಹಕ್ಕು ಒಂದೇ.

ಕ್ಯಾಲಿಫೋರ್ನಿಯಾದಲ್ಲಿ 1970ರ ಸಾಂಗ್-ಬೆವರ್ಲಿ ಕಾಯ್ದೆ ಇದೆ. ಜನ ಇದನ್ನು ಲೆಮನ್ ಲಾ ಅನ್ನುತ್ತಾರೆ, ಲೆಮನ್ ಅಂದರೆ ಪದೇ ಪದೇ ಕೆಡುವ ಕಾರು. ವಾರಂಟಿ ಅವಧಿಯಲ್ಲಿ ಬಂದ ದೊಡ್ಡ ದೋಷವನ್ನು ಕೆಲವು ಸಲ ಅವಕಾಶ ಕೊಟ್ಟರೂ ಸರಿಮಾಡಲು ಆಗದಿದ್ದರೆ, ತಯಾರಕ ಕಂಪನಿ ಕಾರನ್ನು ವಾಪಸ್ ಪಡೆದು ಹಣ ಕೊಡಬೇಕು, ಇಲ್ಲವೇ ಬೇರೆ ಕಾರು ಕೊಡಬೇಕು. ಇಲ್ಲಿ ಹೊಣೆ ಡೀಲರ್‌ನದ್ದಲ್ಲ, ಕಂಪನಿಯದ್ದು. ಲೀಸ್ ಕಾರಿಗೂ ಇದು ಅನ್ವಯಿಸುತ್ತದೆ. ಮೊದಲ 18 ತಿಂಗಳು ಅಥವಾ 18,000 ಮೈಲಿಯೊಳಗೆ ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿಗೆ ಹೋಗಿದ್ದರೆ ನಿಮ್ಮ ವಾದಕ್ಕೆ ಬಲ ಜಾಸ್ತಿ. ಪ್ರಾಣಕ್ಕೆ ಅಪಾಯ ತರುವಂಥ ದೋಷವಾದರೆ ಎರಡು ಸಲ ಸಾಕು. ಒಟ್ಟು 30 ದಿನಕ್ಕಿಂತ ಹೆಚ್ಚು ಕಾಲ ಕಾರು ವರ್ಕ್‌ಶಾಪ್‌ನಲ್ಲೇ ಇದ್ದರೂ ಅಷ್ಟೇ.

ಇದೆಲ್ಲ ನಿಂತಿರುವುದು ರಿಪೇರಿ ಆರ್ಡರ್ ಎಂಬ, ಕಾರು ಬಿಟ್ಟಾಗ ವರ್ಕ್‌ಶಾಪ್‌ನವರು ದೂರು ಬರೆದುಕೊಳ್ಳುವ ಕಾಗದದ ಮೇಲೆ. ಕೌಂಟರ್‌ನಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. 'ಏನೋ ಸದ್ದು ಬರುತ್ತದೆ' ಎನ್ನಬೇಡಿ. 'ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಸದ್ದು, 1,000 ಮೈಲಿಗೊಮ್ಮೆ ಆಯಿಲ್ ಹಾಕಬೇಕಾಗುತ್ತಿದೆ' ಎಂದು ನೀವು ಹೇಳಿದ ಹಾಗೇ ಬರೆಸಿ. ಕಾರು ಬಿಟ್ಟ ದಿನ, ವಾಪಸ್ ಪಡೆದ ದಿನ, ಮೈಲಿ ಮೂರೂ ಇರಲಿ. ವಾರಂಟಿ ಕೆಲಸಕ್ಕೂ ಇನ್‌ವಾಯ್ಸ್ ಕೊಡಬೇಕೆಂದು ಇಲ್ಲಿನ ಕಾನೂನೇ ಹೇಳುತ್ತದೆ. 'ಸಮಸ್ಯೆ ಕಾಣಿಸಲಿಲ್ಲ' ಎಂದು ಅವರು ಕಾರು ವಾಪಸ್ ಕೊಟ್ಟರೂ ಕಾಗದ ತೆಗೆದುಕೊಳ್ಳಿ. ನೀವು ಹೋಗಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ.

ಬೇಗ ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಣ ವಾಪಸ್ ಕೊಡುವಾಗ ಕಂಪನಿ ನೀವು ಓಡಿಸಿದ್ದಕ್ಕೆ ಒಂದಿಷ್ಟು ಹಿಡಿದುಕೊಳ್ಳಬಹುದು. ಆ ದೋಷಕ್ಕೆ ಮೊದಲ ಸಲ ವರ್ಕ್‌ಶಾಪ್‌ಗೆ ಹೋದಾಗಿನ ಮೈಲಿಯನ್ನು 1,20,000ದಿಂದ ಭಾಗಿಸಿ, ಬೆಲೆಯಿಂದ ಗುಣಿಸುತ್ತಾರೆ. 90,000 ಡಾಲರ್ ಕಾರನ್ನು 6,000 ಮೈಲಿಗೆ ಒಯ್ದಿದ್ದರೆ ಕಡಿತ 4,500 ಡಾಲರ್. ಅದೇ 30,000 ಮೈಲಿಯವರೆಗೆ ಅಡ್ಜಸ್ಟ್ ಮಾಡಿಕೊಂಡು ಓಡಿಸಿದ್ದರೆ 22,500. ಎಷ್ಟು ವ್ಯತ್ಯಾಸ ಅಲ್ವಾ?

ಹಳೆ ಕಾರು ಕೊಳ್ಳುವವರು ಇದನ್ನು ಗಮನಿಸಬೇಕು. 2024ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮೊದಲ ಮಾಲೀಕರ ವಾರಂಟಿ ಇನ್ನೂ ಉಳಿದಿದೆ ಎಂದ ಮಾತ್ರಕ್ಕೆ ಸೆಕೆಂಡ್ ಹ್ಯಾಂಡ್ ಕಾರಿಗೆ ಹೊಸ ಕಾರಿನ ಈ ಹಕ್ಕು ಸಿಗುವುದಿಲ್ಲ. ನನಗೆ ಇದು ಗ್ರಾಹಕರಿಗೆ ಬಿದ್ದ ದೊಡ್ಡ ಪೆಟ್ಟು ಅನ್ನಿಸುತ್ತದೆ. 2025ರಿಂದ ಗಡುವೂ ಬಿಗಿಯಾಗಿದೆ. ಲೆಮನ್ ಲಾ ಕೇಸ್‌ಗಳಿಗೆ ಬಂದ ಹೊಸ ನಿಯಮಗಳನ್ನು ಒಪ್ಪುವುದು ಬಿಡುವುದು ಕಂಪನಿಗೆ ಬಿಟ್ಟದ್ದು. ಒಪ್ಪಿದ ಕಂಪನಿಗಳ ಮೇಲೆ ವಾರಂಟಿ ಮುಗಿದು ಒಂದು ವರ್ಷದೊಳಗೆ ಕೇಸ್ ಹಾಕಬೇಕು. ಏನೇ ಆದರೂ ಕಾರಿನ ಮೊದಲ ಡೆಲಿವರಿಯಿಂದ ಆರು ವರ್ಷ ದಾಟಬಾರದು. ನಿಮ್ಮ ಕಂಪನಿ ಒಪ್ಪಿದೆಯೋ ಇಲ್ಲವೋ ಮೊದಲು ನೋಡಿಕೊಳ್ಳಿ.

ವಾರಂಟಿ ಮುಗಿದಿದ್ದರೆ? ದಾರಿ ಕಷ್ಟ, ಆದರೆ ಮುಚ್ಚಿಲ್ಲ. ಬಿಎಂಡಬ್ಲ್ಯೂನ ಎನ್63 ವಿ8 ಎಂಜಿನ್ ನೆನಪಿಸಿಕೊಳ್ಳಿ.  750ಐ, ಎಕ್ಸ್5ನಂಥ ಕಾರುಗಳ ಮಾಲೀಕರು ಈ ಎಂಜಿನ್ ವಿಪರೀತ ಆಯಿಲ್ ಕುಡಿಯುತ್ತದೆ ಎಂದು ದೂರಿದರು. 2014ರ ಕೊನೆಗೆ ಕಂಪನಿ ಕಸ್ಟಮರ್ ಕೇರ್ ಪ್ಯಾಕೇಜ್ ತಂದಿತು. ಆಯಿಲ್ ಬದಲಿಸುವ ಅವಧಿಯನ್ನು 15,000ದಿಂದ 10,000 ಮೈಲಿಗೆ ಇಳಿಸಿತು. ಜನ ಅಲ್ಲಿಗೆ ಬಿಡಲಿಲ್ಲ. ನ್ಯೂಜೆರ್ಸಿಯ ಫೆಡರಲ್ ಕೋರ್ಟ್‌ನಲ್ಲಿ ಕ್ಲಾಸ್ ಆ್ಯಕ್ಷನ್, ಅಂದರೆ ಒಂದೇ ತೊಂದರೆಯ ಎಲ್ಲರ ಪರವಾಗಿ ಒಂದೇ ಕೇಸ್ ಹೂಡಿದರು, ಕಡೆಗೆ ರಾಜಿಯಾಯಿತು. 2001ರಿಂದ 2005ರ ಪೋರ್ಷೆ ಬಾಕ್ಸ್‌ಟರ್, 911ಗಳದ್ದೂ ಹೀಗೇ. ಐಎಂಎಸ್ ಎಂಬ ಒಂದು ಸಣ್ಣ ಬೇರಿಂಗ್ ಒಡೆದು ಇಡೀ ಎಂಜಿನ್ ಹಾಳಾಗುತ್ತಿತ್ತು. ಅದೂ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಇಂಥ ರಾಜಿಯ ನೋಟಿಸ್ ಅಂಚೆಯಲ್ಲಿ ಬರುತ್ತದೆ. ಜಾಹೀರಾತು ಅಂದುಕೊಂಡು ಎಸೆಯಬೇಡಿ. ಗಡುವಿನೊಳಗೆ ಆ ರಾಜಿಯಿಂದ ಹೊರಗುಳಿಯುತ್ತೇನೆ ಎಂದು ತಿಳಿಸದಿದ್ದರೆ ಅದೇ ವಿಷಯಕ್ಕೆ ನೀವೇ ಬೇರೆಯಾಗಿ ಕೇಳುವ ಹಕ್ಕು ಹೋಗಬಹುದು.

ಸುರಕ್ಷತೆಯ ದೋಷವಾದರೆ ವಾಹನ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಸೈಟ್‌ನಲ್ಲಿ ದೂರು ಕೊಡಿ. ಕಾರಿನ ಗುರುತಿನ ಸಂಖ್ಯೆಯಾದ ವಿನ್ ನಂಬರ್ ಹಾಕಿದರೆ ಬಾಕಿ ಇರುವ ರೀಕಾಲ್, ಅಂದರೆ ದೋಷ ಸರಿಮಾಡಲು ಕಂಪನಿ ಕಾರನ್ನು ವಾಪಸ್ ಕರೆದಿರುವುದು, ಕಾಣುತ್ತದೆ. ಡೀಲರ್‌ಗಳಿಗೆ ಕಂಪನಿ ಕಳಿಸಿದ ಸರ್ವಿಸ್ ಬುಲೆಟಿನ್‌ಗಳೂ ಅಲ್ಲಿ ಸಿಗುತ್ತವೆ. ನಿಮ್ಮ ದೋಷದ ಬುಲೆಟಿನ್ ಸಿಕ್ಕರೆ ಪ್ರಿಂಟ್ ತೆಗೆದುಕೊಂಡೇ ಡೀಲರ್ ಹತ್ತಿರ ಹೋಗಿ. ಆಯಿಲ್ ಹೊರಗೆ ಬದಲಿಸಿದ್ದೀರಿ, ವಾರಂಟಿ ಇಲ್ಲ ಎಂದು ಡೀಲರ್ ಹೇಳಿದರೆ ನಂಬಬೇಡಿ. ವಾರಂಟಿಗಳ ಬಗ್ಗೆ ಇರುವ 1975ರ ಫೆಡರಲ್ ಕಾನೂನು, ಮ್ಯಾಗ್ನುಸನ್-ಮಾಸ್ ಕಾಯ್ದೆ, ಅದನ್ನು ಒಪ್ಪುವುದಿಲ್ಲ. ರಸೀದಿ ಮಾತ್ರ ಇಟ್ಟುಕೊಳ್ಳಿ.

ವಕೀಲರ ಖರ್ಚಿಗೆ ಹೆದರಿ ಹಿಂದೆ ಸರಿಯುವವರೂ ಇದ್ದಾರೆ. ನೀವು ಗೆದ್ದರೆ ಆ ಫೀಸನ್ನು ಕಂಪನಿಯೇ ಕೊಡಬೇಕು. ಹಾಗಾಗಿ ಅನೇಕ ಲೆಮನ್ ಲಾ ವಕೀಲರು ನಿಮ್ಮಿಂದ ಮುಂಗಡ ಕೇಳುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ, ಸೋತರೆ ಖರ್ಚು ಯಾರದ್ದು ಎಂದು ಕೇಳಿ ಬರೆಸಿಕೊಳ್ಳಿ.